ಅಜ್ಜಿಯ ಬಾಯಲ್ಲಿ ಬಂದ ಮಾತು

ಮಂಗಳವಾರ ಮತ್ತು ಶುಕ್ರವಾರ ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವಂತಿರಲಿಲ್ಲ. ಆ ಎರಡು ದಿನ ನನ್ನ ಅಜ್ಜಿ ಪುಟ್ಟಮ್ಮನ ಮೈಮೇಲೆ ಮಾರಮ್ಮ ಬರುತ್ತಿದ್ದಳು. ಅಜ್ಜಿ ನನ್ನ ಅಪ್ಪನ ತಾಯಿ. ನಸುಕಿನಲ್ಲೇ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲನ್ನು ಹಾಗೇ ಬೆನ್ನಿನ ಮೇಲೆ ಬಿಟ್ಟುಕೊಂಡು, ನಡುಮನೆಯ ಮೂಲೆಯ ದೇವರ ಗೂಡಿನ ಮುಂದೆ ಕೂರುತ್ತಿದ್ದಳು. ಗೂಡಿನಲ್ಲಿದ್ದದ್ದು ಒಂದು ಹಿತ್ತಾಳೆ ಕಳಶ, ಅದಕ್ಕೆ ಅಂಟಿಸಿದ ಬೆಳ್ಳಿಯ ಕಣ್ಣುಗಳು, ಸುತ್ತ ಬೇವಿನ ಸೊಪ್ಪು. ಪೂಜೆ ಮುಗಿಯುವವರೆಗೆ ಅವಳು ಹನಿ ನೀರನ್ನೂ ಕುಡಿಯುತ್ತಿರಲಿಲ್ಲ. ಅಡುಗೆಮನೆಯಲ್ಲಿ ಅಮ್ಮ ಎಡೆಗೆ ಮೊಸರನ್ನ, ತಂಬಿಟ್ಟು ಮಾಡಿ ಮುಚ್ಚಿಡುತ್ತಿದ್ದಳು. ಹೊತ್ತೇರುತ್ತಿದ್ದಂತೆ ಜನ ಬಂದು ಜಗಲಿಯ ಮೇಲೆ ಕೂರುತ್ತಿದ್ದರು. ಮದುವೆಯಾಗದ ಮಗಳು, ನೀರು ಸಿಗದ ಬೋರ್‌ವೆಲ್ಲು, ಕುಡಿತ ಬಿಡದ ಗಂಡ, ಹೀಗೆ ಒಬ್ಬೊಬ್ಬರದು ಒಂದೊಂದು ಕಷ್ಟ. ಮೊದಲು ಅಜ್ಜಿಗೆ ಆಕಳಿಕೆ ಬರುತ್ತಿತ್ತು. ಒಂದರ ಹಿಂದೆ ಒಂದು, ದವಡೆ ಕಳಚಿಕೊಳ್ಳುವಂಥ ಆಕಳಿಕೆ. ಆಮೇಲೆ ಹೆಗಲು ಅದುರುತ್ತಿತ್ತು, ಕೂದಲು ಮುಖದ ಮೇಲೆ ಬೀಳುತ್ತಿತ್ತು. ಆಗ ಅವಳ ಗಂಟಲಿನಿಂದ ಹೊರಡುತ್ತಿದ್ದ ದನಿ ನನಗೆ ರಾತ್ರಿ ಕತೆ ಹೇಳುವ ಅಜ್ಜಿಯದಾಗಿರಲಿಲ್ಲ.

ಚಿಕ್ಕಲಸಂದ್ರದ ಹಳೇ ಊರಿನೊಳಗೆ ನಮ್ಮ ಮನೆಯಿತ್ತು. ತಾತನ ಕಾಲಕ್ಕೇ ರಾಗಿ ಹೊಲಗಳೆಲ್ಲ ಸೈಟುಗಳಾಗಿದ್ದವು. ಉಳಿದ ಜಾಗದಲ್ಲಿ ಹೆಂಚಿನ ಮನೆ, ಅದರ ಹಿಂದೆ ಸಾಲಾಗಿ ಬಾಡಿಗೆಗೆ ಕೊಟ್ಟ ಕೋಣೆಗಳು, ರಸ್ತೆಯ ಕಡೆಗೆ ಅಪ್ಪನ ಹಿಟ್ಟಿನ ಮಿಷನ್ನು. ಅಪ್ಪ ಊಟಕ್ಕೆ ಒಳಗೆ ಬಂದಾಗ ಹುಬ್ಬಿನಲ್ಲೂ ರಾಗಿ ಹಿಟ್ಟು ಮೆತ್ತಿಕೊಂಡಿರುತ್ತಿತ್ತು. ಅಜ್ಜಿ ಸೆರಗಿನಿಂದ ಅದನ್ನು ಒರೆಸಿ ತಟ್ಟೆಗೆ ಮುದ್ದೆ ಇಡುತ್ತಿದ್ದಳು. ಅಪ್ಪನಿಗೆ ಒಬ್ಬನೇ ತಮ್ಮ, ನನ್ನ ಚಿಕ್ಕಪ್ಪ ರಮೇಶ. ಸುಬ್ರಹ್ಮಣ್ಯಪುರ, ಉತ್ತರಹಳ್ಳಿ ಕಡೆ ಏಳುತ್ತಿದ್ದ ಹೊಸ ಮನೆಗಳಿಗೆಲ್ಲ ವೈರಿಂಗ್ ಮಾಡುತ್ತಿದ್ದ. ಅಪ್ಪನಿಗೂ ಅವನಿಗೂ ವಯಸ್ಸಿನ ಅಂತರ ದೊಡ್ಡದು. ನಡುವೆ ಹುಟ್ಟಿದ್ದ ಮಕ್ಕಳು ಅಜ್ಜಿಗೆ ಉಳಿದಿರಲಿಲ್ಲ. ಮಾರಮ್ಮನಿಗೆ ಹರಕೆ ಹೊತ್ತ ಮೇಲೆ ಹುಟ್ಟಿ ಉಳಿದವನು ರಮೇಶ. ಅವನು ಹುಟ್ಟಿದ ವರ್ಷವೇ ಅಜ್ಜಿಯ ಮೈಮೇಲೆ ಮೊದಲ ಸಲ ದೇವರು ಬಂದದ್ದು ಎಂದು ಅಮ್ಮ ಹೇಳುತ್ತಿದ್ದಳು. ಹಾಗಾಗಿ ಚಿಕ್ಕಪ್ಪನಿಗೆ ತಾನು ಆ ಕಳಶದ ಮಗ ಎಂಬ ನಂಬಿಕೆ. ಟೆಸ್ಟರನ್ನು ಜೇಬಿಗೆ ಸಿಕ್ಕಿಸಿಕೊಂಡು ಹೊರಡುವ ಮುಂಚೆ ಗೂಡಿಗೆ ಕೈಮುಗಿಯದೆ ಹೊಸ್ತಿಲು ದಾಟುತ್ತಿರಲಿಲ್ಲ.

ತಾತ ಮಾಡಿಟ್ಟು ಹೋದ ಒಂದು ಕಟ್ಟಳೆ ಮನೆಯಲ್ಲಿತ್ತು. ದೇವರು ಅಜ್ಜಿಯ ಬಾಯಲ್ಲಿ ಏನು ಹೇಳಿದಳೋ ಅದನ್ನು ಯಾರೂ ಅಜ್ಜಿಗೆ ತಿರುಗಿ ಹೇಳಬಾರದು. ಅದು ಕೇಳಿದವರಿಗೂ ತಾಯಿಗೂ ಸೇರಿದ ಮಾತು. ಅಜ್ಜಿಗೆ ಯಾವುದೂ ನೆನಪಿರುತ್ತಿರಲಿಲ್ಲ. ಅರಿಶಿನದ ನೀರು ಚಿಮುಕಿಸಿದ ಮೇಲೆ ಕಣ್ಣು ಬಿಟ್ಟು, ದೂರದ ಊರಿನಿಂದ ನಡೆದು ಬಂದವಳಂತೆ ಸುತ್ತ ನೋಡಿ, ನೀರು ಕೇಳುತ್ತಿದ್ದಳು. ಲೋಟ ಕೆಳಗಿಟ್ಟು ಒಂದೇ ಪ್ರಶ್ನೆ.

"ಬಂದೋರಿಗೆ ಒಳ್ಳೇದಾಯ್ತಾ?"

"ಆಯ್ತು ಅಜ್ಜಿ" ಎನ್ನುವುದು ನನ್ನ ಕೆಲಸ. ಅಷ್ಟು ಕೇಳಿಕೊಂಡು ಅವಳು ಕೂದಲು ಗಂಟು ಹಾಕಿ ಎದ್ದು, ನನ್ನನ್ನು ತೊಡೆಯ ಪಕ್ಕ ಕೂರಿಸಿಕೊಂಡು ಎಡೆಯ ತಂಬಿಟ್ಟು ಮುರಿದು ಬಾಯಿಗಿಡುತ್ತಿದ್ದಳು. ಬೆಲ್ಲ, ಏಲಕ್ಕಿ, ಅವಳ ಬೆರಳಿನ ಕರ್ಪೂರ, ಮೂರೂ ಸೇರಿದ ಆ ರುಚಿಯನ್ನು ನಾನು ದೇವರ ರುಚಿ ಎಂದುಕೊಂಡಿದ್ದೆ. ಅವಳನ್ನು ಕಂಡರೆ ನನಗೆ ಭಯ ಇರಲಿಲ್ಲ. ಲೋಕದಲ್ಲಿ ಏನೇ ತಪ್ಪಿದರೂ ಸರಿಮಾಡುವ ಒಬ್ಬಳು ನಮ್ಮ ನಡುಮನೆಯಲ್ಲೇ ಇದ್ದಾಳೆ, ವಾರಕ್ಕೆ ಎರಡು ಸಲ ಬಾಯಿಬಿಟ್ಟು ಮಾತಾಡುತ್ತಾಳೆ ಎಂಬ ಧೈರ್ಯದಲ್ಲಿ ನಾನು ಬೆಳೆದೆ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಚಿಕ್ಕಪ್ಪನ ಕಣ್ಣು ಹಳದಿಯಾದವು. ಅವನಿಗೆ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಚಿಕ್ಕಮ್ಮ ಸುಧಾ ಬಸುರಿ. ಕನಕಪುರದ ಕಡೆಯ ಹುಡುಗಿ, ಮೆಲುಮಾತಿನವಳು, ಅತ್ತೆಯ ಎದುರು ಕೂತುಕೊಳ್ಳುತ್ತಲೂ ಇರಲಿಲ್ಲ. ಮೊದಲು ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಕಾಮಾಲೆ ಎಂದರು, ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಟ್ಟರು, ಎಣ್ಣೆ ಒಗ್ಗರಣೆ ನಿಲ್ಲಿಸಿದರು. ಹೊಟ್ಟೆಯಲ್ಲಿ ಏನೂ ನಿಲ್ಲದೆ ಹೋದಾಗ ಅಪ್ಪ ಅವನನ್ನು ಪದ್ಮನಾಭನಗರದ ಒಬ್ಬ ಡಾಕ್ಟರಿಗೆ ತೋರಿಸಿಕೊಂಡು ಬಂದ. ರಕ್ತ ನೋಡಿದ ಡಾಕ್ಟರು ಅಡ್ಮಿಟ್ ಮಾಡಿ ಎಂದಿದ್ದರು. ಬಟ್ಟೆ ತೆಗೆದುಕೊಂಡು ಹೋಗೋಣವೆಂದು ಮನೆಗೆ ಬಂದರೆ ಅವತ್ತು ಶುಕ್ರವಾರ. ಜಗಲಿಯ ತುಂಬ ಜನ. ಚಿಕ್ಕಪ್ಪ ಗೋಡೆ ಹಿಡಿದುಕೊಂಡು ಒಳಗೆ ಬಂದು ಗೂಡಿನ ಮುಂದೆ ಕೂತ.

"ಅಣ್ಣ, ಒಂದ್ ಮಾತು ಅಮ್ಮನ್ನ ಕೇಳ್ಬಿಟ್ಟು ಹೋಗಣ" ಎಂದ. ಮನೆಯಲ್ಲಿ ಎಲ್ಲರೂ ಮಾರಮ್ಮನನ್ನು ಅಮ್ಮ ಎನ್ನುತ್ತಿದ್ದರು, ಅಜ್ಜಿಯನ್ನು ಅಪ್ಪ ಚಿಕ್ಕಪ್ಪ ಅವ್ವ ಎನ್ನುತ್ತಿದ್ದರು.

ಅಜ್ಜಿಗೆ ಆಗಲೇ ಆಕಳಿಕೆ ಶುರುವಾಗಿತ್ತು. ನಾನು ಅರಿಶಿನದ ನೀರಿನ ಚೊಂಬು ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಅವಳು ಚಿಕ್ಕಪ್ಪನ ತಲೆಯ ಮೇಲೆ ಬೇವಿನ ಸೊಪ್ಪು ಇಟ್ಟಳು. ತೂಗುತ್ತಿದ್ದ ಮೈ ಒಂದು ಗಳಿಗೆ ನಿಂತಿತು.

"ಇವನು ನನ್ನ ಮಗ. ನಾನು ಕೊಟ್ಟೋನು. ಇವನನ್ನ ಹೊಸಲು ದಾಟಿಸ್ಬೇಡಿ. ನಾನು ಕಾಯ್ತೀನಿ."

ಅಪ್ಪ ದೇವರ ಎದುರು ಮಾತಾಡಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

"ತಾಯಿ, ಡಾಕ್ಟ್ರು ಈಗ್ಲೇ ಸೇರ್ಸಿ ಅಂದವ್ರೆ. ಅಪ್ಪಣೆ ಕೊಡು ತಾಯಿ."

"ಡಾಕ್ಟ್ರು ಕೊಟ್ನೇನೋ ಇವನನ್ನ? ಹೊಸಲು ದಾಟಿದ್ರೆ ನಾನಿಲ್ಲ. ಒಳಕ್ಕೋಗು, ಏನೂ ಆಗಲ್ಲ."

ಚಿಕ್ಕಪ್ಪ ಅಳುತ್ತಾ ಕೈಮುಗಿದ. ಅವನ ಮುಖದಲ್ಲಿ ಎಷ್ಟು ನೆಮ್ಮದಿ ಇತ್ತೆಂದರೆ ಕಾಯಿಲೆ ಅಲ್ಲೇ ಅರ್ಧ ವಾಸಿಯಾಯಿತು ಎಂದುಕೊಂಡೆ. ಚಿಕ್ಕಮ್ಮ ಬಾಗಿಲ ಸಂದಿಯಲ್ಲಿ ಬಟ್ಟೆಯ ಬ್ಯಾಗು ಹಿಡಿದು ನಿಂತಿದ್ದಳು. ಅದನ್ನು ಅವಳು ಹಾಗೇ ಒಳಗೆ ತೆಗೆದುಕೊಂಡು ಹೋದಳು. ಅಜ್ಜಿ ಕಣ್ಣು ಬಿಟ್ಟು ನೀರು ಕುಡಿದು ಎಂದಿನಂತೆ ಕೇಳಿದಳು. ಒಳ್ಳೆಯದಾಯಿತು ಎಂದು ನಾನೂ ಎಂದಿನಂತೆ ಹೇಳಿದೆ.

ದೇವರು ಇಳಿದ ಮೇಲೆ ಅಜ್ಜಿ ಬರೀ ತಾಯಿ. ಮುಂದಿನ ಕೆಲವು ದಿನ ಮಗನ ಉಗುರು ಹಳದಿಯಾಗುವುದನ್ನು, ಅನ್ನ ನೋಡಿದರೆ ಮುಖ ತಿರುಗಿಸುವುದನ್ನು ಅವಳೂ ನೋಡುತ್ತಿದ್ದಳು. ಬೆಳಿಗ್ಗೆ ಎದ್ದರೆ ಮಿಷನ್ನಿನ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು.

"ನಂಜ, ಹುಡುಗನ್ನ ಆಸ್ಪತ್ರೆಗೆ ಕರ್ಕೊಂಡ್ ಹೋಗೋ. ನಂಗ್ಯಾಕೋ ಎದೆ ಹೊಡ್ಕೊಳ್ತಾ ಐತೆ."

ಅಪ್ಪ ಬೆಲ್ಟಿನ ಸದ್ದಿನಲ್ಲಿ ಕೇಳಿಸದವನಂತೆ ನಿಂತು, ಆಮೇಲೆ "ಆಗ್ಲಿ ಅವ್ವ, ನೋಡಣ" ಎನ್ನುತ್ತಿದ್ದ. ಒಳಗೆ ಬಂದು ತಮ್ಮನನ್ನು ಬೇಡಿಕೊಳ್ಳುತ್ತಿದ್ದ. ಚಿಕ್ಕಪ್ಪ ಒಪ್ಪುತ್ತಿರಲಿಲ್ಲ.

"ಅವ್ವ ಹೇಳ್ತಾಳೆ ಅಂತ ಅಮ್ಮನ ಮಾತು ಮೀರಕ್ಕಾಗತ್ತಾ ಅಣ್ಣ? ಅವ್ವಂಗೆ ಏನೂ ಹೇಳ್ಬೇಡ. ಹೆದರ್ಕೋತಾಳೆ."

ಒಂದೇ ಬಾಯಿ. ಶುಕ್ರವಾರ ಅದು ಹೊಸ್ತಿಲು ದಾಟಿಸಬೇಡಿ ಎಂದಿತ್ತು, ಸೋಮವಾರ ಅದೇ ಬಾಯಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ಅಂಗಲಾಚುತ್ತಿತ್ತು. ದೊಡ್ಡವರೆಲ್ಲ ಸೇರಿ ಮೊದಲನೆಯ ಮಾತನ್ನೇ ನಡೆಸಿದರು.

ಒಂದು ದಿನ ಬೆಳಿಗ್ಗೆ ಚಿಕ್ಕಪ್ಪ ಚಿಕ್ಕಮ್ಮನನ್ನು ನೋಡಿ ಇವಳು ಯಾರು ಎಂದ. ಗೋಡೆಯ ಸ್ವಿಚ್ಚಿನ ಕಡೆ ಬೆರಳು ತೋರಿಸಿ ಏನೇನೋ ಬಡಬಡಿಸಿದ. ಅಪ್ಪ ಮಿಷನ್ನು ಓಡುತ್ತಿರುವಾಗಲೇ ಬಿಟ್ಟು ಬಂದು ಅವನನ್ನು ಮಗುವಿನ ಹಾಗೆ ಎತ್ತಿಕೊಂಡು ಆಟೋ ಹತ್ತಿದ. ಅಪ್ಪನ ಅಂಗಿಯ ಹಿಟ್ಟು ಚಿಕ್ಕಪ್ಪನ ಕೆನ್ನೆಗೆ ಹತ್ತಿತ್ತು. ಬನಶಂಕರಿಯ ಕಡೆಯ ಒಂದು ಆಸ್ಪತ್ರೆಯಲ್ಲಿ ಅವನನ್ನು ಒಳಗೆ ತೆಗೆದುಕೊಂಡರು. ಲಿವರ್ ಪೂರ್ತಿ ಹೋಗಿದೆ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಅಲ್ಲಿಯ ಡಾಕ್ಟರು ಕೇಳಿದರಂತೆ. ಅಪ್ಪ ತಲೆ ತಗ್ಗಿಸಿ ನಿಂತನಂತೆ. ಮಾರನೆಯ ಮಧ್ಯಾಹ್ನ ಚಿಕ್ಕಪ್ಪನ ಹೆಣ ಮನೆಗೆ ಬಂತು.

ಅಜ್ಜಿ ಹೆಣದ ಮೇಲೆ ಬೀಳಲಿಲ್ಲ. ನೆಟ್ಟಗೆ ಅಪ್ಪನ ಹತ್ತಿರ ಹೋಗಿ ಅವನ ಅಂಗಿಯ ಕಾಲರು ಹಿಡಿದಳು.

"ನಾನು ಬಡ್ಕೊಂಡೆ. ದಿನಾ ಬಂದು ಬಾಗ್ಲಲ್ಲಿ ನಿಂತು ಬಡ್ಕೊಂಡೆ. ಯಾಕೋ ತಡ ಮಾಡ್ದೆ? ಒಡಹುಟ್ಟಿದೋನು ಕಣೋ ಅವನು!"

ಚಪ್ಪರದ ಕೆಳಗಿದ್ದವರೆಲ್ಲ ಅಪ್ಪನ ಮುಖ ನೋಡಿದರು. ಅಮ್ಮನ ಕೈ ನನ್ನ ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಅಪ್ಪ ಹೇಳಿದ್ದು ಇಷ್ಟೇ.

"ನನ್ನ ತಪ್ಪಾಯ್ತು ಅವ್ವ."

ಅವತ್ತಿನಿಂದ ಅಜ್ಜಿ ಅಪ್ಪನ ಜೊತೆ ಮಾತು ಬಿಟ್ಟಳು. ತಟ್ಟೆಗೆ ಮುದ್ದೆ ಇಡುವುದನ್ನೂ ಬಿಟ್ಟಳು. ಅವಳು ನಡುಮನೆಯಲ್ಲಿದ್ದರೆ ಅಪ್ಪ ಒಳಗೆ ಬರುತ್ತಿರಲಿಲ್ಲ. ಅಮ್ಮ ಊಟವನ್ನು ಮಿಷನ್ನಿಗೇ ಕೊಂಡೊಯ್ದು ಕೊಡುತ್ತಿದ್ದಳು. ಅಪ್ಪ ಗೋಣಿಚೀಲದ ಮೇಲೆ ಕೂತು ತಿನ್ನುತ್ತಿದ್ದ. ಒಮ್ಮೆ ಅಮ್ಮ ತಡೆಯಲಾರದೆ "ಇನ್ನೆಷ್ಟು ದಿನ ಹಿಂಗೆ? ನಿಜ ಹೇಳ್ಬಿಡಣ ರೀ" ಎಂದಾಗ ಅಪ್ಪ ಕೈತುತ್ತನ್ನು ತಟ್ಟೆಗೆ ವಾಪಸು ಹಾಕಿದ.

"ಹೇಳಿದ್ರೆ ಅವ್ವ ಬದುಕ್ತಾಳೇನೇ? ನನ್ನ ಮೇಲಾದ್ರೆ ಬೈಕೊಂಡಾದ್ರೂ ಇರ್ತಾಳೆ."

ಆಮೇಲೆ ನನ್ನ ಕಡೆ ತಿರುಗಿ "ನೀನೂ ಅಷ್ಟೇ ಪುಟ್ಟಿ, ಬಾಯಿ ಬಿಡ್ಬೇಡ" ಎಂದ. ನನಗೆ ಮನೆಯೇ ಎರಡಾದಂತಿತ್ತು. ಸತ್ಯ ಗೊತ್ತಿದ್ದವರೆಲ್ಲ ಒಂದು ಕಡೆ, ಅಜ್ಜಿಯೊಬ್ಬಳೇ ಇನ್ನೊಂದು ಕಡೆ. ಆದರೂ ಮಲಗುವಾಗ ನಾನು ಅವಳ ಸೆರಗನ್ನೇ ಹೊದ್ದುಕೊಳ್ಳುತ್ತಿದ್ದೆ.

ಸೂತಕ ಕಳೆಯಿತು. ಚಿಕ್ಕಮ್ಮನಿಗೆ ಗಂಡು ಮಗು ಹುಟ್ಟಿತು, ಚೇತನ ಎಂದು ಹೆಸರಿಟ್ಟರು. ಬಾಣಂತನ ಮುಗಿಸಿಕೊಂಡು ಅವಳು ತವರಿನಿಂದ ನಮ್ಮಲ್ಲಿಗೇ ಬಂದಳು. ಜಗಲಿಗೆ ಜನ ಮತ್ತೆ ಬರತೊಡಗಿದರು, ಮಾರಮ್ಮನೂ ಬಂದಳು. ನನಗೆ ಎಲ್ಲಕ್ಕಿಂತ ಭಯಂಕರವಾಗಿ ಕಂಡದ್ದು ಅದು. ಆಕಳಿಕೆಯ ಸದ್ದು ಕೇಳಿದ ಕೂಡಲೇ ಅಮ್ಮ ಅಡುಗೆಮನೆಯ ಬಾಗಿಲು ಮುಂದೆ ಮಾಡುತ್ತಿದ್ದಳು. ಚಿಕ್ಕಮ್ಮ ಮಗುವನ್ನು ಎದೆಗವಚಿಕೊಂಡು ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದಳು. ನಾನು ಮಾತ್ರ ಚೊಂಬು ಹಿಡಿದು ಅಲ್ಲೇ ಇರಬೇಕಾಗಿತ್ತು. ಅದೇ ದನಿ ಯಾರದೋ ಮಗಳಿಗೆ ವರ ಸಿಗುತ್ತಾನೆ ಎನ್ನುತ್ತಿತ್ತು, ಯಾರಿಗೋ ಏನೂ ಆಗಲ್ಲ ಎನ್ನುತ್ತಿತ್ತು. ಇವತ್ತಿಗೂ ನಾನು ಯಾರಿಗೂ ಆ ಎರಡು ಪದ ಹೇಳುವುದಿಲ್ಲ. ನನ್ನ ಸ್ವಂತ ಮಗಳು ಇಂಜೆಕ್ಷನ್ನಿಗೆ ಹೆದರಿ ಅತ್ತಾಗಲೂ ನೋಯುತ್ತದೆ, ನಾನು ಕೈ ಹಿಡಿದುಕೊಂಡಿರುತ್ತೇನೆ ಎಂದಷ್ಟೇ ಹೇಳಿದ್ದೇನೆ.

ವರ್ಷದ ತಿಥಿಯ ದಿನ ನಿಜ ಹೊರಬಿತ್ತು. ನೆಂಟರೆಲ್ಲ ಸೇರಿದ್ದರು. ಚಿಕ್ಕಪ್ಪನ ಫೋಟೋದ ಮುಂದೆ ಅವನಿಗೆ ಇಷ್ಟವಾದ ಅವರೆಕಾಳಿನ ಸಾರು, ಮುದ್ದೆ, ವಡೆ ಎಲ್ಲ ಇಟ್ಟಿದ್ದರು. ಅಪ್ಪ ಕರ್ಪೂರ ಹಚ್ಚಲು ಬಗ್ಗಿದಾಗ ಅಜ್ಜಿ ಮೂಲೆಯಿಂದ ಎದ್ದು ಬಂದು ಅವನ ಕೈ ತಳ್ಳಿದಳು.

"ನೀನು ಹಚ್ಬೇಡ. ಕಾಯಿಲೆ ಇದ್ದಾಗ ಆಸ್ಪತ್ರೆಗೆ ಸೇರಿಸ್ದೆ ಇರೋನು ಈಗ ಯಾವ ಮುಖ ಇಟ್ಕೊಂಡು ಹಚ್ತೀಯಾ?"

ಅಪ್ಪ ಬೆಂಕಿಪೊಟ್ಟಣ ಕೆಳಗಿಟ್ಟ. ಆಗ ಚಿಕ್ಕಮ್ಮ ಎದ್ದು ನಿಂತಳು. ವರ್ಷದಿಂದ ಆ ಮನೆಯಲ್ಲಿ ಅವಳ ದನಿ ಕೇಳಿದವರಿರಲಿಲ್ಲ.

"ಭಾವನ್ನ ಬೈಬೇಡಿ ಅತ್ತೆ. ಭಾವ ಸೇರಿಸ್ತೀನಿ ಅಂತ್ಲೇ ಇದ್ರು. ಬ್ಯಾಗ್ ರೆಡಿ ಮಾಡ್ಕೊಂಡು ನಾನೂ ಬಾಗಿಲಲ್ಲಿ ನಿಂತಿದ್ದೆ. ಬೇಡ ಅಂದಿದ್ದು ನೀವು."

"ನಾನಾ?"

"ನೀವೇ. ಮೈಮೇಲೆ ಬಂದಾಗ. ನಿಮ್ಮ ಬಾಯಿಂದ್ಲೇ ಬಂತು ಅತ್ತೆ."

ಅಪ್ಪ "ಸುಧಾ, ಸುಮ್ನಿರಮ್ಮ" ಎಂದ. ಅಜ್ಜಿ ಒಬ್ಬೊಬ್ಬರ ಮುಖವನ್ನೇ ನೋಡುತ್ತ ಬಂದಳು. ಅಪ್ಪ ಕಣ್ಣು ತಪ್ಪಿಸಿದ. ಅಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಕೊನೆಗೆ ಅಜ್ಜಿ ನನ್ನ ಮುಂದೆ ಬಂದು ನಿಂತಳು.

"ನೀನು ಅಲ್ಲಿದ್ದೆ. ಚೊಂಬು ಹಿಡ್ಕೊಂಡಿದ್ದೆ. ಏನಂದೆ ನಾನು? ಹಂಗಂಗೇ ಹೇಳು."

ಅಪ್ಪನ ಕಡೆ ನೋಡಿದೆ. ಅವನು ಬೇಡ ಎಂದೂ ಅನ್ನಲಿಲ್ಲ, ಹೇಳು ಎಂದೂ ಅನ್ನಲಿಲ್ಲ. ಅಜ್ಜಿಗೆ ಸುಳ್ಳು ಹೇಳಿ ನನಗೆ ಅಭ್ಯಾಸವಿರಲಿಲ್ಲ. ಕಲಿತ ಪಾಠ ಒಪ್ಪಿಸುವಂತೆ ನಿಂತು ಒಪ್ಪಿಸಿದೆ. ಇವನು ನನ್ನ ಮಗ, ನಾನು ಕೊಟ್ಟೋನು, ಹೊಸಲು ದಾಟಿಸ್ಬೇಡಿ, ನಾನು ಕಾಯ್ತೀನಿ. ಅಪ್ಪ ಅಪ್ಪಣೆ ಕೇಳಿದ್ದನ್ನು ಹೇಳಿದೆ. ಡಾಕ್ಟ್ರು ಕೊಟ್ನೇನೋ ಎಂಬುದನ್ನೂ ಹೇಳಿದೆ. ಕೊನೆಯ ಎರಡು ಪದ ಹೇಳುವಾಗ ನನಗೆ ಅಳು ಬಂತು.

ಅಜ್ಜಿ ಹಿತ್ತಲಿನ ಬಚ್ಚಲಿಗೆ ಹೋದಳು. ನಾನು ಹಿಂದೆಯೇ ಹೋದೆ. ತೊಟ್ಟಿಯಿಂದ ನೀರು ತೆಗೆದು ಬಾಯಿ ಮುಕ್ಕಳಿಸಿದಳು. ಉಗಿದಳು. ಮತ್ತೆ ಮುಕ್ಕಳಿಸಿದಳು. ಬೆರಳು ಹಾಕಿ ನಾಲಿಗೆ ಉಜ್ಜಿದಳು, ಇದ್ದಿಲು ಪುಡಿ ಹಾಕಿ ಉಜ್ಜಿದಳು. ನೀರು ಕೆಂಪಾಗಿ ಬರತೊಡಗಿದಾಗ ಅಮ್ಮ ಓಡಿ ಬಂದು ಚೊಂಬು ಕಿತ್ತುಕೊಂಡಳು. ಅಜ್ಜಿ ಬಚ್ಚಲ ಕಲ್ಲಿನ ಮೇಲೆ ಕೂತಳು. ಆಮೇಲೆ ಎದ್ದು ಮುಖ ಒರೆಸಿಕೊಂಡು, ಅಡುಗೆಮನೆಗೆ ಹೋಗಿ, ತಟ್ಟೆಗೆ ಮುದ್ದೆ ಇಟ್ಟು ಸಾರು ಹಾಕಿಕೊಂಡು ನಡುಮನೆಗೆ ಬಂದಳು. ಅಪ್ಪ ಗೋಡೆಗೊರಗಿ ಕೂತಿದ್ದ. ತಟ್ಟೆಯನ್ನು ಅವನ ಮುಂದಿಟ್ಟು ತಾನೂ ಎದುರಿಗೆ ಕೂತಳು.

"ಉಣ್ಣು ನಂಜ" ಎಂದಳು. ಅಪ್ಪ ತಟ್ಟೆಗೆ ಕೈ ಹಾಕಿದ, ಆದರೆ ತುತ್ತು ಎತ್ತಲಾಗಲಿಲ್ಲ. ನೆಂಟರು ಒಬ್ಬೊಬ್ಬರಾಗಿ ಹೊರಗೆ ಎದ್ದು ಹೋದರು.

ಆ ವಾರದಿಂದ ಅವಳು ಮೈಮೇಲೆ ದೇವರನ್ನು ಬರಗೊಡಲಿಲ್ಲ. ದೀಪ ಹಚ್ಚುವುದನ್ನು ಬಿಡಲಿಲ್ಲ, ಉಪವಾಸ ಬಿಡಲಿಲ್ಲ, ಬೇವಿನ ಸೊಪ್ಪು ಬದಲಾಯಿಸುವುದನ್ನು ಬಿಡಲಿಲ್ಲ. ಜಗಲಿಯಲ್ಲಿ ಕೂತವರಿಗೆ ಮಾತ್ರ ಕೈಮುಗಿದು ಇನ್ನು ಬರಬೇಡಿ ಎಂದಳು. ಕೂದಲನ್ನು ಬಿಗಿಯಾಗಿ ಗಂಟು ಹಾಕಿಯೇ ಗೂಡಿನ ಮುಂದೆ ಕೂರುತ್ತಿದ್ದಳು. ಆಕಳಿಕೆ ಬಂತೋ, ಎದ್ದು ಹೋಗಿ ರಾಗಿ ಕೇರುತ್ತಿದ್ದಳು. ಜನ ಆಡಿಕೊಂಡರು. ತಾಯಿ ಕೈಬಿಟ್ಟಿದ್ದಾಳೆ, ಮಗನನ್ನೇ ಉಳಿಸಿಕೊಳ್ಳಲಾಗಲಿಲ್ಲ ಎಂದು ಹಾಲಿನ ಬೂತಿನ ಹತ್ತಿರ ನನ್ನ ಕಿವಿಗೇ ಬಿತ್ತು. ಊರ ಮಾರಮ್ಮನ ಮೆರವಣಿಗೆ ನಮ್ಮ ಬೀದಿಗೆ ಬಂದ ಸಂಜೆ ತಮಟೆಯ ಸದ್ದಿಗೆ ಅವಳ ಹೆಗಲು ಅದುರತೊಡಗಿತು. ಅವಳು ಕಿಟಕಿಯ ಕಂಬಿಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸೆರಗನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡಳು. ಇಡೀ ಮೈ ಕಿಟಕಿಯ ಜೊತೆ ಗಡಗಡ ಅಲುಗುತ್ತಿತ್ತು. ಅಪ್ಪ ಹಿಂದಿನಿಂದ ತಬ್ಬಿ ಹಿಡಿದು "ಬಿಡವ್ವ, ಬರ್ಲಿ ಬಿಡು, ಸತ್ತೋಗ್ತೀಯ" ಎಂದು ಅತ್ತ. ಅವಳು ಇಲ್ಲ ಇಲ್ಲ ಎಂದು ತಲೆಯಾಡಿಸುತ್ತಲೇ ಇದ್ದಳು. ತಮಟೆ ದೂರ ಹೋದ ಮೇಲೆ ಬಾಯಿಂದ ಸೆರಗು ತೆಗೆದರೆ ಅದು ಒಂದು ಕಡೆ ಹರಿದಿತ್ತು. ಅವಳ ಬಾಯಿಂದ ಒಂದು ಶಬ್ದವೂ ಬಂದಿರಲಿಲ್ಲ.

ಚೇತನ ಅಂಗನವಾಡಿಗೆ ಹೋಗುವಷ್ಟು ದೊಡ್ಡವನಾಗಿದ್ದಾಗ ಒಂದು ಮಳೆಗಾಲ ಜ್ವರ ಬಂದು ಮಲಗಿದ. ಊರಿನ ತುಂಬ ಡೆಂಗಿ ಇತ್ತು. ಜ್ವರ ಇಳಿಯಿತು ಎಂದು ಸಮಾಧಾನ ಪಟ್ಟುಕೊಳ್ಳುವಾಗ ಮಗುವಿನ ಕೈಕಾಲು ತಣ್ಣಗಾದವು, ಹೊಟ್ಟೆಯ ಮೇಲೆ ಕೆಂಪು ಚುಕ್ಕಿಗಳೆದ್ದವು. ಅಪ್ಪ ಯಾವುದೋ ಮೋಟರು ತರಲು ಸಿಟಿ ಮಾರ್ಕೆಟ್ಟಿಗೆ ಹೋಗಿದ್ದ. ಚಿಕ್ಕಮ್ಮ ಮಗುವನ್ನು ತೋಳಿನಲ್ಲಿ ಹಾಕಿಕೊಂಡು ನಡುಮನೆಗೆ ಓಡಿ ಬಂದು ಅಜ್ಜಿಯ ಕಾಲ ಬುಡದಲ್ಲಿ ಕುಸಿದಳು. ಅತ್ತೆಯ ಮುಖವನ್ನು ನೆಟ್ಟಗೆ ನೋಡದೆ ವರ್ಷಗಳಾಗಿದ್ದ ಹೆಂಗಸು ಅವಳು.

"ಒಂದ್ ಮಾತು ಅಮ್ಮನ್ನ ಕೇಳಿ ಅತ್ತೆ. ನಿಮ್ಮ ಕಾಲ್ ಹಿಡ್ಕೋತೀನಿ. ಉಳೀತಾನಾ ಅಂತ ಅಷ್ಟು ಕೇಳಿ."

ಅಜ್ಜಿ ಮಗುವಿನ ಪಾದ ಮುಟ್ಟಿ ನೋಡಿದಳು. ಗೂಡಿನ ಕಡೆ ತಿರುಗಲೂ ಇಲ್ಲ.

"ಕೇಳಲ್ಲ. ಏಳು ಮೇಲೆ. ಪುಟ್ಟಿ, ಓಡೋಗಿ ಆಟೋ ಕರ್ಕೊಂಡ್ ಬಾ."

ಬರಿಗಾಲಿನಲ್ಲಿ ಮಗುವನ್ನು ಎತ್ತಿಕೊಂಡು ಅವಳೇ ಮೊದಲು ಹೊಸ್ತಿಲು ದಾಟಿದಳು. ಟ್ರಾಫಿಕ್ಕಿನಲ್ಲಿ ಆಟೋ ನಿಂತಾಗ ತಲೆ ಹೊರಗೆ ಹಾಕಿ ಮುಂದಿನ ಬೈಕಿನವರನ್ನು "ದಾರಿ ಬಿಡ್ರಪ್ಪ, ಮಗು ಐತೆ" ಎಂದು ಕೂಗುತ್ತಲೇ ಇದ್ದಳು. ಜೆ.ಪಿ. ನಗರದ ಆಸ್ಪತ್ರೆಯಲ್ಲಿ ಅವನನ್ನು ಐಸಿಯುಗೆ ಹಾಕಿದರು. ಹೊರಗಿನ ಕುರ್ಚಿಗಳಲ್ಲಿ ಅತ್ತೆ ಸೊಸೆ ಅಕ್ಕಪಕ್ಕ ಕೂತರು. ಅಜ್ಜಿ ಎಂದಿನಂತೆ ತುಟಿಯಲ್ಲೇ ದೇವರ ಹೆಸರು ಹೇಳುತ್ತಿದ್ದಾಳೆಂದು ನಾನು ನೋಡಿದರೆ ಅವಳ ತುಟಿ ಅಲುಗುತ್ತಿರಲಿಲ್ಲ. ಮಗು ಉಳಿಯಿತು. ಇನ್ನು ಭಯವಿಲ್ಲ ಎಂದು ನರ್ಸಮ್ಮ ಬಂದು ಹೇಳಿದ ಬೆಳಿಗ್ಗೆ ಚಿಕ್ಕಮ್ಮ ಅಜ್ಜಿಯ ಹೆಗಲಿಗೆ ಹಣೆ ಇಟ್ಟು ಅತ್ತಳು. ಅಜ್ಜಿ ಅವಳನ್ನು ತಬ್ಬಿಕೊಳ್ಳಲಿಲ್ಲ. ಹೆಗಲನ್ನು ಮಾತ್ರ ಅಲುಗಿಸದೆ ಹಾಗೇ ಕೂತಿದ್ದಳು.

ಅವತ್ತು ಮಧ್ಯಾಹ್ನ ನಾವಿಬ್ಬರೇ ಮನೆಗೆ ಬಂದೆವು. ಅಜ್ಜಿ ಸ್ನಾನ ಮಾಡಿ ದೀಪ ಹಚ್ಚಿದಳು, ಬಾಡಿದ ಸೊಪ್ಪು ತೆಗೆದು ಹೊಸದು ಸಿಕ್ಕಿಸಿದಳು. ಕಳಶದ ಕಣ್ಣುಗಳ ಮೇಲಿನ ಧೂಳನ್ನು ಬೆರಳಿನಿಂದ ಒರೆಸುವಾಗ ಅವಳ ಮುಖದಲ್ಲಿ ಎಳೆ ಮಗುವಿನ ಮುಖ ಒರೆಸುವ ತಾಯಿಯ ಅಕ್ಕರೆಯೇ ಇತ್ತು. ನನಗೆ ತಡೆಯಲಾಗಲಿಲ್ಲ. ಇಷ್ಟು ವರ್ಷ ಆ ಮನೆಯಲ್ಲಿ ಯಾರೂ ಕೇಳದಿದ್ದುದನ್ನು ಕೇಳಿದೆ.

"ಅಜ್ಜಿ, ಅವತ್ತು ಚಿಕ್ಕಪ್ಪಂಗೆ ಹಂಗೆ ಹೇಳಿದ್ದು ಮಾರಮ್ಮನಾ, ನೀನಾ?"

ಅವಳು ಬೆಚ್ಚಲಿಲ್ಲ. ತಾನೇ ಎಷ್ಟೋ ಸಲ ಕೇಳಿಕೊಂಡ ಪ್ರಶ್ನೆ ಎನ್ನುವಂತೆ ಬತ್ತಿಯನ್ನು ಸ್ವಲ್ಪ ಮೇಲೆ ಮಾಡಿದಳು.

"ಅವಳೇ ಹೇಳಿದ್ಲು ಅಂದ್ರೆ ನನ್ನ ಮಗನ್ನ ತಿಂದೋಳು ಅವಳಾಗ್ತಾಳೆ. ಆಮೇಲೆ ನಾನು ಬೆಳಿಗ್ಗೆ ಎದ್ದು ಯಾರಿಗೆ ದೀಪ ಹಚ್ಲಿ? ಅದಕ್ಕೇ ನಾನೇ ಅಂದ್ಕೊಂಡಿವ್ನಿ."

"ನಿಜವಾಗ್ಲೂ ನೀನೇನಾ ಅಜ್ಜಿ?"

"ಯಾರಿಗ್ ಗೊತ್ತು ಮಗ" ಎಂದಳು. ನೆಲಕ್ಕೆ ಕೈಯೂರಿ ನಿಧಾನವಾಗಿ ಎದ್ದು, ಅಡುಗೆಮನೆಯ ಕಡೆ ನಡೆಯುತ್ತಾ ಹೇಳಿದಳು: "ಕ್ಯಾರಿಯರ್ ತೊಳ್ಕೊಂಡ್ ಬಾ. ನಿನ್ನ ಚಿಕ್ಕಮ್ಮ ನಿನ್ನೆಯಿಂದ ಏನೂ ತಿಂದಿಲ್ಲ."